ಅಕ್ವೇರಿಯಂನಲ್ಲಿ ಕಾಂಡಸಸ್ಯಗಳ ನಾಟಿ

ಸಿಹಿನೀರಿನ ಅಕ್ವೇರಿಯಂನಲ್ಲಿ ಬೆಳೆಸುವ ಗಿಡಗಳ ಪೈಕಿ ಮೇಲ್ಮುಖವಾಗಿ ಉದ್ದಕ್ಕೆ ಬೆಳೆಯುವ ಕಾಂಡವೂ ಅದರ ಗೆಣ್ಣುಗೆಣ್ಣಿನಲ್ಲಿ ಎಲೆಗಳೂ ಇರುವಂಥವನ್ನು ಕಾಂಡಸಸ್ಯಗಳು ಎನ್ನುತ್ತಾರೆ. ಬುಡದಿಂದಲೇ ಎಲೆಗಳು ಗುಚ್ಛವಾಗಿ ಹೊರಡುವ ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯ, ಅಮೆಜಾನ್ ಸ್ವೋರ್ಡ್‌ಗಳು ಈ ಗುಂಪಿಗೆ ಸೇರುವುದಿಲ್ಲ. ಕಲ್ಲು, ಕೊರಡುಗಳನ್ನು ಹಿಡಿದು ಬೆಳೆಯುವ ಅನುಬಿಯಾಸ್ ಮತ್ತು ಜಾವಾ ಫರ್ನ್‌ಗಳೂ ಬೇರೆಯೇ. ಕಾಂಡಸಸ್ಯಗಳು ಬಹುಪಾಲು ಬೇರಿಲ್ಲದ ಕಡ್ಡಿಗಳಾಗಿಯೇ ಮಾರಾಟಕ್ಕೆ ಬರುತ್ತವೆ. ಹಾಗಾಗಿ ಬೇರು ಬರುವವರೆಗೆ ಕಡ್ಡಿಯನ್ನು ತಳಹಾಸಿನಲ್ಲಿ ಅಲುಗದಂತೆ ನಿಲ್ಲಿಸುವುದೇ ಇವುಗಳ ನಾಟಿಯಲ್ಲಿ ಮುಖ್ಯ ಕೆಲಸ. ತೂಕ ಕಟ್ಟುವುದು, ಕಲ್ಲು ಒತ್ತುವುದು, ಓರೆಯಾಗಿ ಊರುವುದು ಮುಂತಾದ ವಿಧಾನಗಳೆಲ್ಲ ಮೊದಲ ಒಂದೆರಡು ವಾರಗಳ ಆಸರೆ ಮಾತ್ರ. ಆಮೇಲೆ ಗಿಡವನ್ನು ಹಿಡಿದಿಡುವುದು ಅದರದೇ ಬೇರು.

ಗೆಣ್ಣಿನಲ್ಲಿ ವಿಭಜನೆಯ ಶಕ್ತಿ ಉಳಿಸಿಕೊಂಡ ಜೀವಕೋಶಗಳಿರುತ್ತವೆ. ಎಲೆಯ ಕಂಕುಳಿನಲ್ಲಿ ಹೊಸ ಕವಲು ಹೊರಡುವುದೂ ಕೆಳಮುಖವಾಗಿ ಬೇರು ಇಳಿಯುವುದೂ ಇಲ್ಲಿಂದಲೇ. ಹೀಗೆ ಕಾಂಡದಿಂದ ಹುಟ್ಟುವ ಬೇರಿಗೆ ಸಸ್ಯಶಾಸ್ತ್ರದಲ್ಲಿ ಅಬ್ಬೇರು ಎಂದು ಹೆಸರು. ಸಾಲಿನಲ್ಲಿ ಹೂತ ಕಬ್ಬಿನ ತುಂಡು ಗೆಣ್ಣಿನಿಂದ ಬೇರೊಡೆದು ಮೊಳೆಯುವಂತೆಯೇ ಈ ಗಿಡಗಳ ತುಂಡುಗಳೂ ಚಿಗುರುತ್ತವೆ. ಎರಡು ಗೆಣ್ಣುಗಳ ನಡುವಿನ ನಯವಾದ ಭಾಗದಿಂದ ಬೇರು ಬರುವುದು ವಿರಳ. ಆದ್ದರಿಂದ ಎಷ್ಟು ಉದ್ದದ ಕಾಂಡ ಒಳಗೆ ಹೋಗಿದೆ ಎಂಬುದಕ್ಕಿಂತ ಎಷ್ಟು ಗೆಣ್ಣುಗಳು ಒಳಗಿವೆ ಎಂಬುದನ್ನು ನೋಡಬೇಕು. ಎಲೆಗಳು ದಟ್ಟವಾಗಿರುವ ರೋಟಾಲದಲ್ಲಿ ಮೂರು ಸೆಂಟಿಮೀಟರ್ ಊರಿದರೆ ನಾಲ್ಕೈದು ಗೆಣ್ಣುಗಳು ಹೂತುಹೋಗುತ್ತವೆ; ಗೆಣ್ಣುಗಳು ದೂರದೂರವಿರುವ ಹೈಗ್ರೊಫಿಲದಲ್ಲಿ ಅಷ್ಟೇ ಆಳದಲ್ಲಿ ಒಂದು ಸಿಕ್ಕಿದರೆ ಹೆಚ್ಚು.

ನೀರೊಳಗೆ ಬೆಳೆಯುವ ಕಾಂಡಕ್ಕೆ ತನ್ನ ಭಾರವನ್ನು ತಾನೇ ಹೊರುವ ಅಗತ್ಯವಿಲ್ಲ. ನೆಲದ ಗಿಡಗಳಲ್ಲಿ ಇರುವಷ್ಟು ಗಟ್ಟಿ ನಾರು ಅದರಲ್ಲಿಲ್ಲ. ಬದಲಿಗೆ ಉದ್ದಕ್ಕೂ ಗಾಳಿಯ ನಾಳಗಳಿವೆ. ಆಂಬುಲಿಯದ ಒಂದು ಕಡ್ಡಿಯನ್ನು ಹರಿತವಾದ ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ಮಸೂರದಡಿ ಹಿಡಿದರೆ ನಡುವಿನ ತಿರುಳಿನ ಸುತ್ತ ಈ ನಾಳಗಳು ಚಕ್ರದ ಅರಗಳ ನಡುವಣ ತೆರಪಿನಂತೆ ಕಾಣುತ್ತವೆ. ಎಲೆಗಳಲ್ಲಿ ತಯಾರಾದ ಆಮ್ಲಜನಕ ಈ ದಾರಿಯಲ್ಲಿ ಬೇರಿನವರೆಗೂ ಇಳಿಯುತ್ತದೆ; ಗಾಳಿಯಾಡದ ಕೆಸರಿನಲ್ಲಿ ಬೇರುಗಳು ಕೊಳೆಯದೆ ಉಳಿಯುವುದು ಇದರಿಂದ. ಕಡ್ಡಿಯನ್ನು ತೇಲಿಸುವುದೂ ಇದೇ ಗಾಳಿ. ದೀಪ ಹಚ್ಚಿ ಕೆಲವು ಗಂಟೆ ಕಳೆದ ಮೇಲೆ ದ್ಯುತಿಸಂಶ್ಲೇಷಣೆ ಬಿರುಸಾಗಿ ನಾಳಗಳು ತುಂಬಿಕೊಂಡಾಗ, ಎಲೆಗಳ ಮೇಲೂ ಗುಳ್ಳೆಗಳು ಕೂತಾಗ, ಗಿಡ ಇನ್ನಷ್ಟು ಹಗುರಾಗುತ್ತದೆ. ಬೆಳಿಗ್ಗೆ ನೆಟ್ಟು ಸರಿಯಾಗಿಯೇ ನಿಂತಿದ್ದ ಕಡ್ಡಿಗಳು ಸಂಜೆಯ ವೇಳೆಗೆ ಒಂದೊಂದಾಗಿ ಮೇಲೆ ಬಂದು ತೇಲುವುದಕ್ಕೆ ಇದೂ ಒಂದು ಕಾರಣ.

ಅಕ್ವೇರಿಯಂ ಪೇಟೆಯ ಪ್ರಸಿದ್ಧ ಕಾಂಡಸಸ್ಯಗಳಲ್ಲಿ ಹಲವು ಭಾರತದ ಗದ್ದೆ, ಹಳ್ಳ, ಕೆರೆಯಂಚಿನ ಗಿಡಗಳು. ಭತ್ತದ ಗದ್ದೆಯ ಕಳೆಯೆಂದೇ ರೈತರು ಕಿತ್ತೆಸೆಯುವ ರೋಟಾಲ ಇಂಡಿಕ, ಅದರ ಹೆಸರಿನಲ್ಲಿ ಬಹುಕಾಲ ಮಾರಾಟವಾದ ರೋಟಾಲ ರೊಟಂಡಿಫೋಲಿಯ, ನೈಋತ್ಯ ಭಾರತದ್ದೇ ಆದ ಕಡುಗೆಂಪಿನ ರೋಟಾಲ ಮ್ಯಾಕ್ರಾಂಡ್ರ, ಹೈಗ್ರೊಫಿಲ ಪಾಲಿಸ್ಪರ್ಮ, ವಾಟರ್ ವಿಸ್ಟೀರಿಯ ಎಂದು ಕರೆಯುವ ಹೈಗ್ರೊಫಿಲ ಡಿಫಾರ್ಮಿಸ್, ಆಂಬುಲಿಯ ಎಂಬ ಲಿಮ್ನೊಫಿಲ ಸೆಸಿಲಿಫ್ಲೋರ ಇವೆಲ್ಲ ಈ ಸಾಲಿನವು. ಆಯುರ್ವೇದದಲ್ಲಿ ಬಳಕೆಯಾಗುವ ನೀರುಬ್ರಾಹ್ಮಿ, ಅಂದರೆ ಬಕೋಪ ಮೊನೀರಿ, ತೊಟ್ಟಿಯ ನೀರಿನಡಿಯಲ್ಲೂ ನಿಧಾನವಾಗಿ ನೆಟ್ಟಗೆ ಬೆಳೆಯುತ್ತದೆ. ಲಡ್ವೀಜಿಯ ರಿಪೆನ್ಸ್, ಕ್ಯಾಬೊಂಬ, ಆಲ್ಟರ್ನಾಂತೆರ ರೈನೆಕಿ, ಈಜೀರಿಯ ಡೆನ್ಸ ಇವು ಅಮೆರಿಕ ಖಂಡಗಳಿಂದ ಬಂದವು. ಸೆರಟೊಫಿಲಂ ಡಿಮರ್ಸಂ ಕಾಂಡಸಸ್ಯದಂತೆ ಕಂಡರೂ ಅದಕ್ಕೆ ಬೇರೇ ಬರುವುದಿಲ್ಲ. ಅದನ್ನು ತೇಲಬಿಡುವುದೇ ಸರಿ, ಊರಿದ ಭಾಗ ಕೊಳೆಯುತ್ತದೆ. ಅಂಗಡಿಗಳಲ್ಲಿ ನೀರೊಳಗಿಟ್ಟು ಮಾರುವ ಲಕ್ಕಿ ಬ್ಯಾಂಬೂ, ನೇರಳೆ ಎಲೆಯ ಹೆಮಿಗ್ರಾಫಿಸ್‌ಗಳಂತೂ ಜಲಸಸ್ಯಗಳೇ ಅಲ್ಲ. ಪೂರ್ತಿ ಮುಳುಗಿಸಿಟ್ಟರೆ ಅವು ಕೆಲವು ತಿಂಗಳಲ್ಲಿ ಕೊಳೆತು ನೀರನ್ನೂ ಕೆಡಿಸುತ್ತವೆ. ಇಂಥವನ್ನು ಎಷ್ಟು ಚೆನ್ನಾಗಿ ನೆಟ್ಟರೂ ಪ್ರಯೋಜನವಿಲ್ಲ.

ಗಾಜಿನ ತೊಟ್ಟಿಯಲ್ಲಿ ಗಿಡ, ಮೀನುಗಳನ್ನು ಒಟ್ಟಿಗೆ ಇಟ್ಟು ನೀರನ್ನು ಹದವಾಗಿ ಉಳಿಸಬಹುದೆಂದು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದ. ಅವನು ಬಳಸಿದ್ದು ವ್ಯಾಲಿಸ್ನೇರಿಯ. ಕಾಂಡಸಸ್ಯಗಳಿಗೆ ಪ್ರಾಧಾನ್ಯ ಬಂದದ್ದು 20ನೆಯ ಶತಮಾನದಲ್ಲಿ ನೆದರ್ಲೆಂಡ್ಸಿನಲ್ಲಿ ರೂಪುಗೊಂಡ ಡಚ್ ಶೈಲಿಯಿಂದ. ಒಂದೊಂದು ಬಗೆಯ ಗಿಡವನ್ನೂ ಗುಂಪಾಗಿ ನೆಟ್ಟು, ಮುಂದೆ ಗಿಡ್ಡ, ಹಿಂದೆ ಎತ್ತರವಾಗಿ ಹಿಂಬದಿಗೆ ಏರುತ್ತ ಹೋಗುವ ಬೀದಿಗಳಂತೆ ಜೋಡಿಸುವುದು ಈ ಶೈಲಿಯ ಲಕ್ಷಣ. ಬಣ್ಣ ಮತ್ತು ಎಲೆಯ ಆಕಾರಗಳ ವ್ಯತ್ಯಾಸವೇ ಅದರ ಚೆಲುವು. ಜಪಾನಿನ ತಕಾಶಿ ಅಮಾನೊ (1954–2015) ಕಲ್ಲು, ಕೊರಡು, ಹಸಿರುಗಳನ್ನು ಸೇರಿಸಿ ನೇಚರ್ ಅಕ್ವೇರಿಯಂ ಎಂಬ ಶೈಲಿಯನ್ನು ಬೆಳೆಸಿದ. ಉದ್ದನೆಯ ಚಿಮಟದಿಂದ ಕಡ್ಡಿಗಳನ್ನು ಒತ್ತೊತ್ತಾಗಿ ನೆಡುವ ಪದ್ಧತಿ ಜಗತ್ತಿನೆಲ್ಲೆಡೆ ಬಳಕೆಗೆ ಬರಲು ಅವನ ಕೆಲಸ ಮುಖ್ಯ ಕಾರಣ.

ನಾಟಿ ನಿಲ್ಲುವುದು ಬೀಳುವುದು ಬಹುಮಟ್ಟಿಗೆ ತಳಹಾಸಿನಲ್ಲಿ ನಿರ್ಧಾರವಾಗುತ್ತದೆ. ಕಡ್ಡಿಯನ್ನು ಹಿಡಿಯುವುದು ಸುತ್ತಲ ಕಾಳುಗಳ ಒತ್ತಡ ಮತ್ತು ಘರ್ಷಣೆ. ಕಾಳು 1ರಿಂದ 3 ಮಿಲಿಮೀಟರ್ ಇದ್ದರೆ ಅದು ಕಾಂಡದ ಸುತ್ತ ಚೆನ್ನಾಗಿ ಕೂತುಕೊಳ್ಳುತ್ತದೆ, ಬೇರು ನುಗ್ಗಲು ಎಡೆಯೂ ಇರುತ್ತದೆ. 5 ಮಿಲಿಮೀಟರ್‌ಗಿಂತ ದಪ್ಪನೆಯ ಜಲ್ಲಿಯಲ್ಲಿ ಕಲ್ಲುಗಳ ನಡುವೆ ದೊಡ್ಡ ಸಂದುಗಳು ಉಳಿದು ತೆಳುವಾದ ಕಡ್ಡಿ ಜಾರಿ ಬರುತ್ತದೆ; ಮೀನಿನ ಕಸವೂ ಆ ಸಂದುಗಳಲ್ಲಿ ಇಳಿದು ಕೊಳೆಯುತ್ತದೆ. ತೀರ ಸಣ್ಣ ಕಾಳಿನ ಮರಳು ಕಡ್ಡಿಯನ್ನು ಗಟ್ಟಿಯಾಗಿಯೇ ಹಿಡಿದರೂ ದಪ್ಪ ಪದರವಾಗಿ ಹಾಕಿದಾಗ ಬಿಗಿದುಕೊಂಡು ನೀರಾಡದಂತಾಗುತ್ತದೆ. ಸುಟ್ಟ ಜೇಡಿಮಣ್ಣಿನ ಸಣ್ಣ ಉಂಡೆಗಳನ್ನು ಅಕ್ವಾಸಾಯಿಲ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ಪೋಷಕಾಂಶಗಳನ್ನು ಹಿಡಿದಿಟ್ಟು ಬೇರಿಗೆ ಕೊಡುವುದರಲ್ಲಿ ಇದಕ್ಕೆ ಸಮನಾದದ್ದು ಕಡಿಮೆ. ಆದರೆ ನೀರಿಗಿಂತ ಸುಮಾರು 2.65 ಪಟ್ಟು ಸಾಂದ್ರವಾದ ಬೆಣಚು ಮರಳಿನ ಮುಂದೆ ರಂಧ್ರಮಯವಾದ ಈ ಉಂಡೆಗಳು ಹಗುರ. ಅದರಲ್ಲಿ ನೆಡುವಾಗ ಕಡ್ಡಿಯನ್ನು ಹೆಚ್ಚು ಆಳಕ್ಕೆ, ಹೆಚ್ಚು ಓರೆಯಾಗಿ ಊರಬೇಕು.

ಪದರದ ದಪ್ಪ ಮುಂಬದಿಯಲ್ಲಿ 3–4 ಸೆಂಟಿಮೀಟರ್, ಕಾಂಡಸಸ್ಯಗಳು ನಿಲ್ಲುವ ಹಿಂಬದಿಯಲ್ಲಿ 7–8 ಸೆಂಟಿಮೀಟರ್ ಇದ್ದರೆ ಸಾಕು. ಹೀಗೆ ಇಳಿಜಾರು ಮಾಡುವುದರಿಂದ ನೋಟಕ್ಕೆ ಆಳ ಬರುತ್ತದೆ, ಬೇರಿಗೆ ಬೇಕಾದಷ್ಟು ಜಾಗವೂ ಸಿಗುತ್ತದೆ. ಹೊಸ ಮರಳಿನ ಮೇಲೆ ಕೆಲವು ಹನಿ ವಿನೆಗರ್ ಬಿಟ್ಟು ನೋಡುವುದು ಒಳ್ಳೆಯದು: ಗುಳ್ಳೆಯೆದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ನೀರಿನ ಗಡಸುತನ ಏರುತ್ತದೆ. ಮೊದಲೇ ಗಡಸಾಗಿರುವ ಬೋರ್‌ವೆಲ್ ನೀರನ್ನು ಬಳಸುವ ಮನೆಗಳಲ್ಲಿ ಈ ಪರೀಕ್ಷೆಯನ್ನು ಬಿಡಬಾರದು.

ಬರಿಯ ಮರಳಿನಲ್ಲಿ ಗಿಡಕ್ಕೆ ಆಹಾರವಿಲ್ಲ. 1980ರ ದಶಕದಲ್ಲಿ ಜರ್ಮನಿಯ ಹವ್ಯಾಸಿಗಳು ತಳದ ಪದರಕ್ಕೆ ಲ್ಯಾಟರೈಟ್ ಬೆರೆಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಲ್ಯಾಟರೈಟ್ ಎಂದರೆ ಕನ್ನಡ ಕರಾವಳಿಯಲ್ಲಿ ಮನೆ ಕಟ್ಟಲು ಬಳಸುವ ಮುರಕಲ್ಲು; ಫ್ರಾನ್ಸಿಸ್ ಬುಕಾನನ್ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸುತ್ತಾಡಿ 1807ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ, ಮಲಬಾರಿನ ಅಂಗಾಡಿಪುರಂ ಬಳಿ ಕಂಡ ಈ ಕಲ್ಲಿಗೆ ಆ ಹೆಸರನ್ನಿಟ್ಟ. ಇದರಲ್ಲಿ ಕಬ್ಬಿಣದ ಆಕ್ಸೈಡ್ ಹೇರಳವಾಗಿದೆ. ತಳದಲ್ಲಿ ಆಮ್ಲಜನಕ ಕಡಿಮೆಯಿರುವ ಕಡೆ ಆ ಕಬ್ಬಿಣ ಕರಗುವ ರೂಪಕ್ಕೆ ತಿರುಗಿ ಬೇರಿಗೆ ದಕ್ಕುತ್ತದೆ. ಕೆಂಪುಮಣ್ಣನ್ನಾಗಲಿ ಮುರಕಲ್ಲಿನ ಪುಡಿಯನ್ನಾಗಲಿ ಹಾಕುವವರು ಅದನ್ನು ಅತಿ ತೆಳುವಾಗಿ ತಳದಲ್ಲಿ ಹರಡಿ, ಮೇಲೆ ಕನಿಷ್ಠ 3–4 ಸೆಂಟಿಮೀಟರ್ ತೊಳೆದ ಮರಳನ್ನು ಮುಚ್ಚಬೇಕು. ಇಲ್ಲದಿದ್ದರೆ ಒಂದು ಕಡ್ಡಿ ಕಿತ್ತರೂ ಇಡೀ ತೊಟ್ಟಿ ಕದಡುತ್ತದೆ.

ಅಂಗಡಿಯಿಂದ ಗಿಡ ಬರುವುದು ಎರಡು ಬಗೆಯಲ್ಲಿ. ಒಂದು, ಹತ್ತಾರು ಕಡ್ಡಿಗಳನ್ನು ರಬ್ಬರ್‌ ಬ್ಯಾಂಡ್ ಇಲ್ಲವೇ ಸೀಸದ ಪಟ್ಟಿಯಿಂದ ಬಿಗಿದ ಕಟ್ಟು. ಇನ್ನೊಂದು, ರಾಕ್‌ವೂಲ್ ಎಂಬ ನಾರಿನ ಮುದ್ದೆಯಲ್ಲಿ ಬೇರೂರಿದ ಸಣ್ಣ ಕುಂಡ. ಕಟ್ಟನ್ನು ಹಾಗೆಯೇ ನೆಡುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಬಿಗಿದ ಜಾಗದಲ್ಲಿ ಕಾಂಡ ಜಜ್ಜಿಹೋಗಿರುತ್ತದೆ. ಒಳಗಿನ ಕಡ್ಡಿಗಳಿಗೆ ಬೆಳಕೂ ನೀರಿನ ಓಡಾಟವೂ ಇರುವುದಿಲ್ಲ. ವಾರದೊಳಗೆ ಬುಡ ಕಪ್ಪಾಗಿ, ಮೆತ್ತಗಾಗಿ, ಇಡೀ ಕಟ್ಟು ಒಮ್ಮೆಲೇ ಮೇಲೇಳುತ್ತದೆ. ಬ್ಯಾಂಡು ಬಿಚ್ಚಿ, ರಾಕ್‌ವೂಲನ್ನು ಬೇರಿಗೆ ಪೆಟ್ಟಾಗದಂತೆ ಎಳೆಯೆಳೆಯಾಗಿ ಬಿಡಿಸಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಎಲೆಯ ಅಡಿಯಲ್ಲಿ ಬಸವನಹುಳುವಿನ ಮೊಟ್ಟೆಗಳು ಲೋಳೆಯ ಮುದ್ದೆಯಾಗಿ ಅಂಟಿರುವುದುಂಟು; ಬೆರಳಿನಿಂದ ಉಜ್ಜಿ ತೆಗೆಯುವುದು ಯಾವ ಔಷಧಿಗಿಂತಲೂ ಖಚಿತ. ಕೀಟನಾಶಕದ ಶೇಷ ಉಳಿದಿದ್ದರೆ ಸಣ್ಣ ಸಿಗಡಿಗಳು ಸಾಯುತ್ತವೆ. ಸಿಗಡಿ ಸಾಕುವವರು ಹೊಸ ಗಿಡಗಳನ್ನು ಕೆಲವು ದಿನ ಬೇರೆ ಬಕೆಟ್ಟಿನಲ್ಲಿಟ್ಟು, ನೀರು ಬದಲಿಸುತ್ತಿದ್ದು, ಆಮೇಲೆ ತೊಟ್ಟಿಗೆ ಹಾಕುತ್ತಾರೆ.

ನರ್ಸರಿಗಳು ಹೆಚ್ಚಿನ ಕಾಂಡಸಸ್ಯಗಳನ್ನು ಬೆಳೆಸುವುದು ನೀರಿನ ಮೇಲೆ, ತೇವದ ಗಾಳಿಯಲ್ಲಿ. ಅಲ್ಲಿ ಬೆಳೆದ ಎಲೆ ದಪ್ಪ, ಮೇಣದ ಹೊದಿಕೆಯದು. ರೋಟಾಲ ರೊಟಂಡಿಫೋಲಿಯದ ಹೊರಗಿನ ಎಲೆ ಚಿಕ್ಕ ನಾಣ್ಯದಂತೆ ದುಂಡಗಿದ್ದರೆ ನೀರೊಳಗಿನದು ಕಿರಿದು, ನೀಳ. ಮುಳುಗಿಸಿದ ಮೇಲೆ ಹಳೆಯ ಎಲೆಗಳು ಹಳದಿಯಾಗಿ ಉದುರುವುದು ಸಹಜ. ಕುಡಿಯಲ್ಲಿ ಹೊಸ ಆಕಾರದ ಎಲೆಗಳು ಮೂಡುತ್ತಿದ್ದರೆ ಗಿಡ ಆರೋಗ್ಯವಾಗಿದೆ ಎಂದೇ ಅರ್ಥ. ಇದನ್ನು ರೋಗವೆಂದು ತಿಳಿದು ಕಿತ್ತು ಮತ್ತೆ ಮತ್ತೆ ನೆಡುವುದರಿಂದಲೇ ಎಷ್ಟೋ ಗಿಡಗಳು ಸಾಯುತ್ತವೆ.

ನೆಡಲು 8ರಿಂದ 12 ಸೆಂಟಿಮೀಟರ್ ಉದ್ದದ, ಕುಡಿಯಿರುವ ತುಂಡುಗಳು ಅನುಕೂಲ. ಒಂದು ಗೆಣ್ಣಿನ ಕೆಳಗೆ ಸ್ವಲ್ಪವೇ ಬಿಟ್ಟು ಹರಿತವಾದ ಕತ್ತರಿಯಿಂದ ಕೊಯ್ಯಬೇಕು. ಮೊಂಡು ಕತ್ತರಿ ಕಾಂಡವನ್ನು ಚಪ್ಪಟೆ ಮಾಡಿ ಗಾಳಿಯ ನಾಳಗಳನ್ನು ಹಿಸುಕುತ್ತದೆ. ಕೆಳಗಿನ ಎರಡು ಮೂರು ಗೆಣ್ಣುಗಳ ಎಲೆಗಳನ್ನು ತೆಗೆಯಬೇಕು, ಏಕೆಂದರೆ ಮಣ್ಣಿನೊಳಗೆ ಹೋದ ಎಲೆ ಕೊಳೆಯುವುದು ಖಂಡಿತ. ಇಲ್ಲಿ ಅನುಭವಿಗಳು ಅನುಸರಿಸುವ ಒಂದು ಉಪಾಯವಿದೆ: ಎಲೆಯನ್ನು ಬುಡಸಮೇತ ಹರಿಯದೆ, ತೊಟ್ಟಿನ ಮೂರು ನಾಲ್ಕು ಮಿಲಿಮೀಟರ್ ಮೋಟನ್ನು ಬಿಟ್ಟು ಕತ್ತರಿಸುತ್ತಾರೆ. ಮೇಲ್ಮುಖವಾಗಿ ಚಾಚಿದ ಈ ಮೋಟುಗಳು, ಕಡ್ಡಿ ಮೇಲೇಳಲು ನೋಡಿದಾಗ ಕಾಳುಗಳಿಗೆ ಸಿಕ್ಕಿಕೊಂಡು ತಡೆಯುತ್ತವೆ. ಅವು ಕೊಳೆತು ಹೋಗುವಷ್ಟರಲ್ಲಿ ಬೇರು ಬಂದಿರುತ್ತದೆ.

ತೊಟ್ಟಿಯಲ್ಲಿ ಸ್ವಲ್ಪವೇ ನೀರಿರುವಾಗ, ಅಂದರೆ ತಳಹಾಸಿನ ಮೇಲೆ ಕೆಲವು ಸೆಂಟಿಮೀಟರ್ ಮಾತ್ರ ನಿಂತಿರುವಾಗ, ನೆಡುವುದು ಸುಲಭ. ನೀರು ಕಡಿಮೆಯಿದ್ದರೆ ಕಡ್ಡಿಯನ್ನು ಮೇಲೆತ್ತುವ ಬಲವೂ ಕಡಿಮೆ, ಕೈಯೂ ಚೆನ್ನಾಗಿ ಆಡುತ್ತದೆ. ಇನ್ನೂ ನೆಡದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಆಗಾಗ ನೀರು ಚಿಮುಕಿಸಬೇಕು. ನೀರೊಳಗೆ ಬೆಳೆದ ಎಲೆ ಗಾಳಿಯಲ್ಲಿ ಕೆಲವೇ ನಿಮಿಷಗಳಲ್ಲಿ ಬಾಡುತ್ತದೆ. ಸಾಧನವೆಂದರೆ 25–30 ಸೆಂಟಿಮೀಟರ್ ಉದ್ದದ, ತುದಿ ಸಣ್ಣಗಿರುವ ಸ್ಟೀಲ್ ಚಿಮಟ. ಕಡ್ಡಿಯ ತುದಿ ಚಿಮಟದ ತುದಿಗೆ ಸರಿಸಮನಾಗಿ, ಕಾಂಡ ಚಿಮಟದ ಉದ್ದಕ್ಕೂ ಒರಗಿರುವಂತೆ ಹಿಡಿಯಬೇಕು. ಹಿಡಿತ ಮೆತ್ತಗಿರಬೇಕು. ಸುಮಾರು 45 ಅಂಶ ಓರೆಯಾಗಿ 3–5 ಸೆಂಟಿಮೀಟರ್ ಒಳಕ್ಕೆ ಇಳಿಸಿ, ಚಿಮಟವನ್ನು ಕೂದಲೆಳೆಯಷ್ಟೇ ಸಡಿಲಿಸಿ, ಒಂದೆರಡು ಬಾರಿ ಸಣ್ಣಗೆ ಅಲುಗಿಸಿದರೆ ಕಾಳುಗಳು ಕುಸಿದು ಕಾಂಡವನ್ನು ಆವರಿಸುತ್ತವೆ. ಆಮೇಲೆ ಹೋದ ದಾರಿಯಲ್ಲೇ ಚಿಮಟವನ್ನು ನಿಧಾನವಾಗಿ ಹಿಂದಕ್ಕೆ ತೆಗೆಯಬೇಕು. ಚಿಮಟವನ್ನು ಅಗಲವಾಗಿ ತೆರೆದರೆ ಗುಂಡಿ ದೊಡ್ಡದಾಗುತ್ತದೆ, ಕಡ್ಡಿ ಚಿಮಟದ ಹಿಂದೆಯೇ ಎದ್ದುಬರುತ್ತದೆ. ಕೆಲಸದ ಮುಕ್ಕಾಲು ಪಾಲು ಕೌಶಲ ಈ ಬಿಡುವ ಕ್ಷಣದಲ್ಲಿದೆ. ಓರೆಯಾಗಿ ನೆಟ್ಟ ಗಿಡ ಬೆಳಕಿನತ್ತ ತಿರುಗಿ ಎರಡು ಮೂರು ದಿನಗಳಲ್ಲಿ ತಾನೇ ನೆಟ್ಟಗಾಗುತ್ತದೆ. ಓರೆಯಿಂದ ಲಾಭ ಎರಡು: ಅದೇ ಆಳದಲ್ಲಿ ಹೆಚ್ಚು ಉದ್ದದ ಕಾಂಡ ಹೂತಿರುತ್ತದೆ, ಮೇಲಿನಿಂದ ಮರಳಿನ ಭಾರವೂ ಅದರ ಮೇಲೆ ಬೀಳುತ್ತದೆ.

ದಪ್ಪ ಕಾಂಡದ ಹೈಗ್ರೊಫಿಲ, ಲಡ್ವೀಜಿಯಗಳನ್ನು ಒಂದೊಂದಾಗಿ, 3–4 ಸೆಂಟಿಮೀಟರ್ ಅಂತರದಲ್ಲಿ ನೆಡಬೇಕು. ಸಣ್ಣ ಕಾಂಡದ ರೋಟಾಲವನ್ನು ಎರಡು ಮೂರು ಕಡ್ಡಿ ಸೇರಿಸಿ ಊರಿದರೂ ತೊಂದರೆಯಿಲ್ಲ, ಒಂದೊಂದೇ ಕಡ್ಡಿ ಚಿಮಟದಲ್ಲಿ ನಿಲ್ಲುವುದೇ ಕಷ್ಟ. ಕೆಳಗಿನ ಎಲೆಗಳಿಗೂ ಬೆಳಕು ತಲುಪುವಷ್ಟು ಅಂತರ ಇರಬೇಕೆಂಬುದು ಇಲ್ಲಿನ ನಿಯಮ. ನೆಟ್ಟಾದ ಮೇಲೆ ತಳಹಾಸಿನ ಮೇಲೆ ಒಂದು ತಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಇಟ್ಟು, ನೀರಿನ ಧಾರೆ ಅದರ ಮೇಲೆ ಬೀಳುವಂತೆ ನಿಧಾನವಾಗಿ ತುಂಬಬೇಕು.

ತೂಕ ಕಟ್ಟುವ ಪದ್ಧತಿಯ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಸೀಸದ ಪಟ್ಟಿ ಗಡಸು ನೀರಿನಲ್ಲಿ ಕಾರ್ಬೊನೇಟಿನ ಪೊರೆ ಕಟ್ಟಿಕೊಳ್ಳುವುದರಿಂದ ಕರಗುವುದು ಬಹಳ ಕಡಿಮೆ. ಮೆದುವಾದ, ಆಮ್ಲೀಯ ನೀರಿನಲ್ಲಿ ಹೆಚ್ಚು ಕರಗುತ್ತದೆ. ಕೆಂಪು ಕಾಂಡಸಸ್ಯಗಳಿಗೆಂದು ಅನೇಕರು ಸಿದ್ಧಪಡಿಸುವುದು ಮೆದು ನೀರನ್ನೇ. ವಿಷದ ಮಾತು ಬಿಟ್ಟರೂ ಪಟ್ಟಿ ಬಿಗಿದ ಜಾಗದಲ್ಲಿ ಕಾಂಡ ಕೊಳೆಯುವ ತೊಂದರೆ ಇದ್ದೇ ಇದೆ. ಆಸರೆ ಬೇಕೇಬೇಕಾದಲ್ಲಿ ಪಿಂಗಾಣಿಯ ಉಂಗುರದಲ್ಲಿ ಕಡ್ಡಿಗಳನ್ನು ಸಡಿಲವಾಗಿ ತೂರಿಸಿ ಹೂಳುವುದು, ಬುಡದ ಸುತ್ತ ನಯವಾದ ಬೆಣಚುಕಲ್ಲುಗಳನ್ನು ಇಡುವುದು, ಮಣ್ಣಿನ ಕುಡಿಕೆಯಲ್ಲಿ ನೆಟ್ಟು ಕುಡಿಕೆಯನ್ನೇ ತಳಹಾಸಿನಲ್ಲಿ ಹುದುಗಿಸುವುದು ಇವು ವಾಸಿ. ಅನುಬಿಯಾಸ್ ಮೊದಲಾದವನ್ನು ಕಲ್ಲಿಗೆ ಅಂಟಿಸುವ ಸೂಪರ್ ಗ್ಲೂ ಕಾಂಡಸಸ್ಯಗಳಿಗೆ ಹೊಂದುವುದಿಲ್ಲ.

ಬುಡ ಅಗೆಯುವ ಮೀನುಗಳಿರುವ ತೊಟ್ಟಿಯಲ್ಲಿ ಕುಡಿಕೆಯೇ ಹೆಚ್ಚುಕಡಿಮೆ ಏಕೈಕ ದಾರಿ. ಗೋಲ್ಡ್‌ಫಿಶ್ ಮತ್ತು ಕೋಯಿಗಳು ಗಿಡವನ್ನು ಕೀಳುವುದಷ್ಟೇ ಅಲ್ಲ, ತಿನ್ನುತ್ತವೆ. ದೊಡ್ಡ ಸಿಕ್ಲಿಡ್‌ಗಳು ಮೊಟ್ಟೆಯಿಡಲು ಗುಂಡಿ ತೋಡುತ್ತವೆ. ಕೊರಿಡೋರಾಸ್‌ನಂಥ ಸಣ್ಣ ಮೀನುಗಳು ಮರಳು ಕೆದಕಿದರೂ ಬೇರು ಬಿಟ್ಟ ಗಿಡಕ್ಕೆ ಅವುಗಳಿಂದ ಅಪಾಯವಿಲ್ಲ. ಹಾಗಾಗಿ ಮೊದಲು ಗಿಡ, ಅದು ಬೇರೂರಿದ ಮೇಲೆ ಮೀನು ಎಂಬ ಕ್ರಮ ಒಳ್ಳೆಯದು.

ಬೇರು ಬಿಡಲು ಹೈಗ್ರೊಫಿಲ, ಆಂಬುಲಿಯಗಳಿಗೆ ಸಾಮಾನ್ಯವಾಗಿ ಒಂದು ವಾರ, ರೋಟಾಲಕ್ಕೆ ಎರಡು ವಾರ ಸಾಕು; ಆಲ್ಟರ್ನಾಂತೆರ ಇನ್ನೂ ನಿಧಾನ. ಈ ಅವಧಿಯಲ್ಲಿ ಫಿಲ್ಟರಿನ ಧಾರೆ ನೇರವಾಗಿ ಕಡ್ಡಿಗಳಿಗೆ ಬಡಿಯದಂತೆ ತಿರುಗಿಸಬೇಕು, ಪೂರ್ತಿ ನಿಲ್ಲಿಸಬಾರದು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ನೀರು ಮೆಲ್ಲಗೆ ಆಡುತ್ತಿದ್ದರೆ ಮಾತ್ರ ಅದು ಎಲೆಗೆ ಮುಟ್ಟುತ್ತದೆ. ದೀಪವನ್ನು ಆರಂಭದಲ್ಲಿ ದಿನಕ್ಕೆ 6–8 ಗಂಟೆಗೆ ಮಿತಿಗೊಳಿಸಿದರೆ ಪಾಚಿ ಹತೋಟಿಯಲ್ಲಿರುತ್ತದೆ. ತೇಲಿಬಂದ ಕಡ್ಡಿಯ ತುದಿಯನ್ನು ನೋಡಿದರೆ ಕಾರಣ ತಿಳಿಯುತ್ತದೆ. ತುದಿ ಹಸಿರಾಗಿ ಗಟ್ಟಿಯಾಗಿದ್ದರೆ ಆಳ ಸಾಲದು, ಮತ್ತೆ ಊರಿದರಾಯಿತು. ಕಂದಾಗಿ ಮೆತ್ತಗಾಗಿದ್ದರೆ ಬುಡ ಕೊಳೆತಿದೆ. ಆ ಭಾಗವನ್ನು ಆರೋಗ್ಯವಾದ ಗೆಣ್ಣಿನವರೆಗೆ ಕತ್ತರಿಸಿಯೇ ನೆಡಬೇಕು. ಬೇರು ಹಿಡಿದಿದೆಯೇ ಎಂದು ಎಳೆದು ನೋಡುವುದು ಕೆಟ್ಟ ಅಭ್ಯಾಸ. ಕುಡಿ ಬೆಳೆಯುತ್ತಿದ್ದರೆ ಅದೇ ಸಾಕ್ಷಿ.

ಗಿಡ ನೀರಿನ ಮಟ್ಟ ಮುಟ್ಟಿದಾಗ ಸವರಬೇಕಾಗುತ್ತದೆ. ಕುಡಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಕವಲುಗಳನ್ನು ತಡೆದಿಟ್ಟಿರುತ್ತದೆ. ಕುಡಿ ಕತ್ತರಿಸಿದೊಡನೆ ಕೆಳಗಿನ ಗೆಣ್ಣುಗಳಿಂದ ಎರಡು ಮೂರು ಚಿಗುರು ಒಡೆಯುತ್ತವೆ. ರೋಟಾಲವನ್ನು ಹೀಗೆ ಮೇಲಿನಿಂದ ಸವರುತ್ತ ಹೋದರೆ ಪೊದೆ ದಟ್ಟವಾಗುತ್ತದೆ. ಕ್ಯಾಬೊಂಬದಂಥವುಗಳ ಬುಡ ನೆರಳಿನಲ್ಲಿ ಬರಡಾಗುವುದರಿಂದ ಕುಡಿಗಳನ್ನು ಕತ್ತರಿಸಿ ಹೊಸದಾಗಿ ನೆಟ್ಟು, ಹಳೆಯ ಬುಡಗಳನ್ನು ತೆಗೆಯುವುದು ಮೇಲು. ತೆಗೆಯುವಾಗ ಒಮ್ಮೆಲೇ ಜಗ್ಗದೆ, ಕತ್ತರಿಯಿಂದ ಸುತ್ತಲ ಬೇರು ಕಡಿದು ಮೆಲ್ಲಗೆ ಎತ್ತಿದರೆ ತಳದ ಕೆಸರು ಏಳುವುದಿಲ್ಲ.

ಗೆಣ್ಣಿನ ಇದೇ ಶಕ್ತಿ ತೊಟ್ಟಿಯ ಹೊರಗೆ ಅಪಾಯಕಾರಿ. ಭಾರತದ ಹೈಗ್ರೊಫಿಲ ಪಾಲಿಸ್ಪರ್ಮ ಮತ್ತು ಲಿಮ್ನೊಫಿಲ ಸೆಸಿಲಿಫ್ಲೋರಗಳು ಅಮೆರಿಕದಲ್ಲಿ ಕಾಲುವೆಗಳನ್ನು ಮುಚ್ಚುವ ಕಳೆಗಳಾಗಿ ಹಬ್ಬಿ, ಅಲ್ಲಿನ ಕೇಂದ್ರ ಸರ್ಕಾರದ ಹಾನಿಕರ ಕಳೆಗಳ ಪಟ್ಟಿಯಲ್ಲಿವೆ. ದಕ್ಷಿಣ ಅಮೆರಿಕದ ಕ್ಯಾಬೊಂಬ ಫರ್ಕೇಟ ಕೇರಳದ ನೀರುಗಳಲ್ಲಿ ಹರಡಿದೆ. 2020ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಆವಳಪಾಂಡಿಯ ತೋಡು ಅದರ ಗುಲಾಬಿ ಹೂಗಳಿಂದ ತುಂಬಿಹೋದಾಗ ಜನ ನೋಡಲು ಮುಗಿಬಿದ್ದರು, ಸಸ್ಯವಿಜ್ಞಾನಿಗಳು ಎಚ್ಚರಿಸಿದರು. ಒಂದು ಗೆಣ್ಣಿರುವ ತುಂಡು ಸಾಕು, ಕೆರೆಯಲ್ಲಿ ಹೊಸ ಗಿಡವಾಗುತ್ತದೆ. ಸವರಿದ ತುಂಡುಗಳನ್ನು ಕೆರೆ, ಕಾಲುವೆ, ಚರಂಡಿಗಳಿಗೆ ಎಸೆಯದೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ತೊಟ್ಟಿಯಿಂದ ತೆಗೆದ ನೀರನ್ನೂ ಸೋಸಿ ಅಂಗಳದ ಗಿಡಗಳ ಬುಡಕ್ಕೆ ಸುರಿಯಬೇಕು.